ಮಡಕೆ ತುಂಬಿದೆಯಾ, ತುಂಬಿದಂತೆ ಕಾಣುತ್ತದೆಯಾ?

ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ ನಿಂತಿರುವ ಕ್ಯಾಸಿನೊ ಬೋಟೊಂದರಲ್ಲಿ ನನ್ನ ಗೆಳೆಯ ಊಟಕ್ಕೆ ಏಳಲೇ ಇಲ್ಲ. ಹುಬ್ಬಳ್ಳಿಯಿಂದ ನಾಲ್ಕು ಜನ ಹೋಗಿದ್ದೆವು. ಅವನಿಗೆ ಇಸ್ಪೀಟು ಬೇಡ, ರೂಲೆಟ್ ಬೇಡ, ಹಣ ಹಾಕಿ ಬಟನ್ ಒತ್ತಿ ಆಡುವ ಸ್ಲಾಟ್ ಮಷೀನಿನ ಮುಂದೆ ಕೂತುಬಿಟ್ಟ. ಪರದೆಯ ಮೇಲ್ಭಾಗದಲ್ಲಿ ಒಂದು ಬಂಗಾರದ ಮಡಕೆ. ನಾಣ್ಯ ಬಿದ್ದಾಗಲೆಲ್ಲ ಅದು ಸ್ವಲ್ಪ ಉಬ್ಬುತ್ತದೆ, ಅಲುಗಾಡುತ್ತದೆ, ಬಾಯಿಂದ ನಾಣ್ಯ ಚೆಲ್ಲುವ ಹಾಗೆ ಮಾಡುತ್ತದೆ. ಬಫೆ ಮುಚ್ಚುವ ಹೊತ್ತಾಯಿತು, ಕರೆದೆವು. "ನೀವು ಹೋಗ್ರಿ, ನಾ ಬರ್ತೀನಿ. ಮಡಕಿ ತುಂಬೇತಿ ನೋಡ್ರಿ, ಇನ್ನೇನು ಒಡೀತೈತಿ" ಅಂದ. ಒಂದೂವರೆ ತಾಸು ಕಳೆಯಿತು. ಮಡಕೆ ಒಡೆಯಲಿಲ್ಲ, ಅವನ ಕೈಲಿದ್ದ ಹಣ ಮುಗಿಯಿತು.

ವಾಪಸ್ ಬರುವಾಗ ಅವನು ಕೇಳಿದ್ದು ಒಂದೇ. ಇನ್ನೊಂದು ಸಾವಿರ ಹಾಕಿದ್ದರೆ ಒಡೆಯುತ್ತಿತ್ತಾ?

ಈ ಪ್ರಶ್ನೆಗೆ "ಜೂಜು ಕೆಟ್ಟದ್ದು, ಬಿಡಪ್ಪಾ" ಅಂತ ಹೇಳಿ ಮುಗಿಸಬಹುದು. ಆದರೆ ಇದಕ್ಕೆ ಲೆಕ್ಕದ ಉತ್ತರವೇ ಇದೆ. ಆ ಉತ್ತರ ಒಂದೊಂದು ಮಷೀನಿಗೆ ಒಂದೊಂದು ಥರ. ಕೆಲವು ಮಷೀನುಗಳಲ್ಲಿ ಮಡಕೆ ನಿಜವಾಗಿ ತುಂಬುತ್ತದೆ. ಕೆಲವುಗಳಲ್ಲಿ ತುಂಬುವ ಚಿತ್ರ ಮಾತ್ರ ಓಡುತ್ತಿರುತ್ತದೆ. ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ, ನೋಡಲು ಹೆಚ್ಚು ಕಡಿಮೆ ಒಂದೇ ಥರ. ಈ ಗೊಂದಲದಿಂದಲೇ ಜನ ಜಾಸ್ತಿ ಹೊತ್ತು ಕೂರುತ್ತಾರೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದಕ್ಕೇ ಒಳಗಿನ ಕೆಲಸ ಹೇಗೆ ನಡೆಯುತ್ತದೆ ಅಂತ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಹಳೆಯ ಪಾಠ. ಸ್ಲಾಟ್ ಮಷೀನಿಗೆ ನೆನಪಿಲ್ಲ. ನೀವು ನೂರು ಸಲ ಸೋತಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ, ನೂರಾ ಒಂದನೇ ಸಲ ಗೆಲ್ಲಿಸಬೇಕು ಅನ್ನುವ ಹಂಗೂ ಇಲ್ಲ. ಒಳಗೆ ಒಂದು ಪ್ರೋಗ್ರಾಂ ಎಡೆಬಿಡದೆ ಸಂಖ್ಯೆಗಳನ್ನು ಉದುರಿಸುತ್ತಲೇ ಇರುತ್ತದೆ. ನೀವು ಬಟನ್ ಒತ್ತಿದ ಗಳಿಗೆಯಲ್ಲಿ ಯಾವ ಸಂಖ್ಯೆ ಸಿಕ್ಕಿತೋ ಅದೇ ಫಲಿತಾಂಶ. ರೀಲು, ಅಂದರೆ ಚಿಹ್ನೆಗಳಿರುವ ಚಕ್ರ, ತಿರುಗುವುದೆಲ್ಲ ಆಮೇಲಿನ ಪ್ರದರ್ಶನ. ಇಂಗೆ ಟೆಲ್ನೇಸ್ ಎಂಬುವವರಿಗೆ 1984ರಲ್ಲಿ ಅಮೆರಿಕದಲ್ಲಿ ಸಿಕ್ಕ ಪೇಟೆಂಟು ಈ ಏರ್ಪಾಡಿಗೇ. ಕಬ್ಬಿಣದ ರೀಲು ಎಲ್ಲಿ ನಿಲ್ಲಬೇಕು ಅಂತ ಮೊದಲೇ ಸಂಖ್ಯೆಯಿಂದ ತೀರ್ಮಾನಿಸಿ, ರೀಲನ್ನು ಅಲ್ಲಿಗೆ ತಂದು ನಿಲ್ಲಿಸುವುದು. ಅಲ್ಲಿಂದ ಮುಂದೆ ರೀಲು ಬರೀ ಬೊಂಬೆ, ಸೂತ್ರ ಒಳಗಿನ ಚಿಪ್ಪಿನ ಕೈಯಲ್ಲಿ.

ಹೀಗಾಗಿ ಜೂಜಿನ ಬಗ್ಗೆ ತಿಳಿದವರೆಲ್ಲ ದಶಕಗಟ್ಟಲೆ ಒಂದೇ ಮಾತು ಹೇಳಿಕೊಂಡು ಬಂದರು. "ಈ ಮಷೀನು ಬಹಳ ಹೊತ್ತಿಂದ ಕೊಟ್ಟಿಲ್ಲ, ಈಗ ಕೊಡಬೇಕು" ಅನ್ನುವುದು ಭ್ರಮೆ. ಕವಡೆ ಹಾಕುವಾಗ ಹಿಂದಿನ ಸಲ ನಾಲ್ಕು ಬಿತ್ತು ಅಂತ ಈ ಸಲ ಎಂಟು ಬೀಳಬೇಕಿಲ್ಲ, ಅಲ್ವಾ? ಅದೇ ಮಾತು.

ಆದರೆ ಚೌಕಾಬಾರ ಆಡಿದವರಿಗೆ ಇನ್ನೊಂದು ವಿಷಯವೂ ಗೊತ್ತು. ಕವಡೆಗೆ ನೆನಪಿಲ್ಲ, ನಿಜ. ಮನೆಗೆ ನೆನಪಿದೆ. ನಿಮ್ಮ ಕಾಯಿ ಹಣ್ಣಾಗಲು ಎರಡೇ ಮನೆ ಬಾಕಿ ಇದ್ದರೆ ಅದು ಅಲ್ಲೇ ಕೂತಿರುತ್ತದೆ. ಮುಂದಿನ ಸಲ ಕವಡೆ ಹಾಕುವಾಗ ಆಟ ಮೊದಲಿನಿಂದ ಶುರುವಾಗುವುದಿಲ್ಲ. ಅರ್ಧ ಆಟದಲ್ಲಿ ನೀವು ಎದ್ದು ಹೋಗಿ, ನಿಮ್ಮ ಜಾಗದಲ್ಲಿ ಪಕ್ಕದ ಮನೆ ಹುಡುಗ ಬಂದು ಕೂತರೆ ಅವನಿಗೆ ನಿಮ್ಮ ಕಾಯಿಗಳು ಇದ್ದಲ್ಲೇ ಸಿಗುತ್ತವೆ.

ಸ್ಲಾಟ್ ಮಷೀನಿಗೆ ಈ ಚೌಕಾಬಾರದ ಮನೆಯನ್ನು ಜೋಡಿಸಿದರೆ ಏನಾಗುತ್ತದೋ ಅದೇ ಪರ್ಸಿಸ್ಟೆಂಟ್ ಫೀಚರ್. ನಾನು ಇದನ್ನು ಉಳಿಕೆ ಅಂತ ಕರೆಯುತ್ತೇನೆ. ಪ್ರತಿ ಸ್ಪಿನ್ನಿನ, ಅಂದರೆ ಬಟನ್ ಒತ್ತಿ ರೀಲು ತಿರುಗಿಸುವ ಪ್ರತಿ ಸಲದ, ಸಂಖ್ಯೆ ಈಗಲೂ ಕವಡೆಯ ಹಾಗೇ, ಹಿಂದಿನದರ ಹಂಗಿಲ್ಲದೆ ಬರುತ್ತದೆ. ಆದರೆ ಒಂದು ಸ್ಪಿನ್ನಿನಲ್ಲಿ ಗಳಿಸಿದ ಏನೋ ಒಂದು, ಅಂದರೆ ಒಂದು ಗುರುತು, ಒಂದು ನಾಣ್ಯ, ಒಂದು ಚೌಕಟ್ಟು, ಮುಂದಿನ ಸ್ಪಿನ್ನಿಗೂ ಉಳಿದುಕೊಳ್ಳುತ್ತದೆ. ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ ಅದು ಬರೆದಿರುತ್ತದೆ. ಸಾಕಷ್ಟು ಸೇರಿದಾಗ ಬಹುಮಾನ, ಆಮೇಲೆ ಮತ್ತೆ ಸೊನ್ನೆಯಿಂದ.

1990ರ ದಶಕದಲ್ಲಿ ಅಮೆರಿಕದ ಡಬ್ಲ್ಯೂಎಂಎಸ್ ಕಂಪನಿ ತಂದ ಪಿಗ್ಗಿ ಬ್ಯಾಂಕಿನ್ ಇದರ ಪ್ರಸಿದ್ಧ ಉದಾಹರಣೆ. ಹಂದಿ ಆಕಾರದ ಹುಂಡಿ. ರೀಲಿನಲ್ಲಿ ಮೂರೂ ಖಾಲಿ ಜಾಗ ಬಂದರೆ ನೀವು ಸೋತಿರಿ, ಆದರೆ ಹುಂಡಿಗೆ ಸ್ವಲ್ಪ ಬಿತ್ತು. ಹುಂಡಿ ಒಡೆಯುವ ಚಿಹ್ನೆ ಬಂದಾಗ ಸೇರಿದ್ದೆಲ್ಲ ಆಗ ಆಡುತ್ತಿದ್ದವರ ಪಾಲು. ಎಷ್ಟು ಸರಳ ನೋಡಿ! ಸೋತ ಸ್ಪಿನ್ನೇ ಉಳಿತಾಯದ ಹಾಗೆ ಕಾಣುವಂತೆ ಮಾಡಿಬಿಟ್ಟರು.

ಈಚಿನವು ಇನ್ನೂ ನಯವಾಗಿವೆ. ಐಜಿಟಿ ಕಂಪನಿಯ ಓಷನ್ ಮ್ಯಾಜಿಕ್‌ನಲ್ಲಿ ನೀರಿನ ಗುಳ್ಳೆಗಳು ಕೆಳಗಿನಿಂದ ಒಂದೊಂದು ಸ್ಪಿನ್ನಿಗೆ ಒಂದೊಂದು ಮೆಟ್ಟಿಲು ಮೇಲೇರುತ್ತವೆ. ಗುಳ್ಳೆ ಇರುವ ಜಾಗ ಯಾವ ಚಿಹ್ನೆಗೆ ಬೇಕಾದರೂ ಹೊಂದಿಕೊಳ್ಳುವ ಜೋಕರ್ ಆಗುತ್ತದೆ. ಗುಳ್ಳೆ ಇನ್ನೂ ಕೆಳಗಿರುವಾಗ ಎದ್ದು ಹೋದರೆ ಅದು ಮೇಲೆ ಬರುವುದನ್ನು ಬೇರೆಯವರು ನೋಡುತ್ತಾರೆ. ಅದೇ ಕಂಪನಿಯ ಸ್ಕ್ಯಾರಬ್‌ನಲ್ಲಿ ಹತ್ತು ಸ್ಪಿನ್ನಿನ ಸುತ್ತು. ಒಂಬತ್ತು ಸ್ಪಿನ್ನಿನಲ್ಲಿ ಬಂಗಾರದ ಚೌಕಟ್ಟುಗಳು ಸೇರುತ್ತಾ ಹೋಗುತ್ತವೆ, ಹತ್ತನೆಯದರಲ್ಲಿ ಚೌಕಟ್ಟಿರುವ ಜಾಗವೆಲ್ಲ ಜೋಕರ್.

ಇಲ್ಲಿಂದ ಲೆಕ್ಕ ಮಾಡೋಣ, ಯಾಕೆಂದರೆ ಆಟ ಕಟ್ಟುವವರು ಮೊದಲು ಕೂರುವುದೇ ಈ ಲೆಕ್ಕಕ್ಕೆ. ಅಂಕಿಗಳು ನಾನೇ ಇಟ್ಟುಕೊಂಡವು, ಸುಲಭವಾಗಲಿ ಅಂತ.

ಹತ್ತು ಸ್ಪಿನ್ನಿನ ಸುತ್ತು. ಒಂದು ಸ್ಪಿನ್ನಿಗೆ 10 ರೂಪಾಯಿ. ಪ್ರತಿ ಸ್ಪಿನ್ನು ಸರಾಸರಿ 7 ರೂಪಾಯಿ ವಾಪಸ್ ಕೊಡುತ್ತದೆ. ಹತ್ತನೇ ಸ್ಪಿನ್ನಿನಲ್ಲಿ ಚೌಕಟ್ಟುಗಳಿಂದಾಗಿ ಸರಾಸರಿ 20 ರೂಪಾಯಿ ಹೆಚ್ಚುವರಿ. ಪೂರ್ತಿ ಸುತ್ತಿಗೆ ನೀವು ಹಾಕಿದ್ದು 100, ಬಂದದ್ದು 70 ಮತ್ತು 20, ಒಟ್ಟು 90. ಹಾಗಾಗಿ ಈ ಮಷೀನು ಶೇ 90 ವಾಪಸ್ ಕೊಡುವ ಮಷೀನು. ಕಾಗದದಲ್ಲಿ ಹಾಗೇ ಬರೆಯುತ್ತಾರೆ, ಸುಳ್ಳಲ್ಲ.

ಈಗ ಒಬ್ಬರು ಬಂದು ಏಳು ಸ್ಪಿನ್ ಆಡಿ, ಹೆಂಡತಿ ಕರೆದಳು ಅಂತ ಎದ್ದು ಹೋದರು. ಹಾಕಿದ್ದು 70, ಬಂದದ್ದು 49. ಹೋಗಿದ್ದು 21. ಅವರ ಹಿಂದೆಯೇ ನಿಂತು ನೋಡುತ್ತಿದ್ದ ಇನ್ನೊಬ್ಬ ಕೂತ, ಮೂರೇ ಸ್ಪಿನ್ ಆಡಿದ. ಹಾಕಿದ್ದು 30, ಬಂದದ್ದು 21 ಮತ್ತು 20, ಅಂದರೆ 41. ಅವನಿಗೆ 11 ಲಾಭ. ಕ್ಯಾಸಿನೊಗೆ? 21ರಲ್ಲಿ 11 ಕಳೆದರೆ 10. ಅದಕ್ಕೆ ಬರಬೇಕಾದ ಶೇ 10 ಬಂದೇ ಬಂತು. ಅದರ ಗಂಟಿನಿಂದ ಒಂದು ಪೈಸೆ ಹೋಗಲಿಲ್ಲ. ಮೊದಲನೆಯವರ ಜೇಬಿನಿಂದ ಎರಡನೆಯವನ ಜೇಬಿಗೆ ಹೋಯಿತು, ಅಷ್ಟೇ.

ಶೇ 90 ಅನ್ನುವುದು ಮಷೀನಿನ ಅಂಕಿ. ಸುತ್ತಿನ ಮಧ್ಯೆ ಬಂದು ಮಧ್ಯೆ ಹೋಗುವ ಮನುಷ್ಯನಿಗೆ ಅದು ಅನ್ವಯಿಸುವುದೇ ಇಲ್ಲ. ಏನೂ ತಿಳಿಯದೆ ಬಂದವರು ಶೇ 70ರ ಮಷೀನಿನಲ್ಲಿ ಆಡುತ್ತಿರುತ್ತಾರೆ. ತಿಳಿದವರು ಸುಮಾರು ಶೇ 137ರ ಮಷೀನಿನಲ್ಲಿ ಆಡುತ್ತಿರುತ್ತಾರೆ. ಎರಡೂ ಒಂದೇ ಡಬ್ಬಿ. ಲಾಸ್ ವೇಗಸ್ ಇರುವ ನೆವಾಡಾದಲ್ಲಿ ಮಷೀನು ಕನಿಷ್ಠ ಶೇ 75 ವಾಪಸ್ ಕೊಡಬೇಕು ಅನ್ನುವ ನಿಯಮವಿದೆ, ನ್ಯೂಜೆರ್ಸಿಯಲ್ಲಿ ಶೇ 83. ಇಂಥ ನಿಯಮ ಮಷೀನಿನ ಸರಾಸರಿಯನ್ನು ಕಾಯುತ್ತದೆ. ಎದ್ದು ಹೋದವರನ್ನು ಕಾಯುವುದು ಕಷ್ಟ.

ಹಿಂದೆ ನಿಂತು ಕಾಯುವ ಈ ಜನಕ್ಕೆ ವೇಗಸ್‌ನಲ್ಲಿ ರಣಹದ್ದು ಅನ್ನುತ್ತಾರೆ. ಜಪಾನಿನಲ್ಲಿ ಕತ್ತೆಕಿರುಬ. ಪಾಚಿಸ್ಲಾಟ್ ಅನ್ನುವ ಅಲ್ಲಿನ ಸ್ಲಾಟ್ ಆಟಗಳಲ್ಲಿ ತೆಂಜೊ ಅನ್ನುವ ಏರ್ಪಾಡಿದೆ, ತೆಂಜೊ ಅಂದರೆ ಸೂರು. ಇಷ್ಟು ಸ್ಪಿನ್ ಆದರೂ ಬೋನಸ್ ಬರದಿದ್ದರೆ ಆ ಸೂರು ತಗುಲಿದಾಗ ಬಂದೇ ಬರುತ್ತದೆ. ಎಷ್ಟು ಸ್ಪಿನ್ ಆಗಿದೆ ಅಂತ ಮಷೀನಿನ ನೆತ್ತಿಯ ಮೇಲಿನ ಕೌಂಟರಿನಲ್ಲಿ ಕಾಣುತ್ತದೆ. ಜನ ಸಾಲು ಸಾಲಾಗಿ ಕೌಂಟರ್ ನೋಡುತ್ತಾ ನಡೆಯುತ್ತಾರೆ, ಸೂರಿನ ಹತ್ತಿರ ಬಂದು ಯಾರೋ ಬಿಟ್ಟುಹೋದದ್ದು ಸಿಕ್ಕರೆ ಕೂರುತ್ತಾರೆ. ಅವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಅವರು ಮಷೀನಿನ ನಿಯಮವನ್ನು ಓದಿಕೊಂಡಿದ್ದಾರೆ, ಅಷ್ಟೇ. ಆದರೆ ಅವರು ಗೆಲ್ಲುವ ಹಣ ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಮರೆಯಬಾರದು.

ವಿನ್ಯಾಸ ಮಾಡುವವರು ತೀರ್ಮಾನಿಸಬೇಕಾದ ಇನ್ನೊಂದು ಸಂಗತಿ, ಉಳಿಕೆಯನ್ನು ಎಲ್ಲಿ ಕಟ್ಟಿಹಾಕಬೇಕು ಅನ್ನುವುದು. ಒಂದೇ ಹುಂಡಿಯನ್ನು ಎಲ್ಲ ಬೆಟ್ಟಿಗೂ, ಅಂದರೆ ಒಂದು ಸ್ಪಿನ್ನಿಗೆ ಕಟ್ಟುವ ಎಲ್ಲ ಮೊತ್ತಕ್ಕೂ, ಇಟ್ಟರೆ ಚತುರ ಆಟಗಾರ ಏನು ಮಾಡುತ್ತಾನೆ? ಹತ್ತು ರೂಪಾಯಿಯ ಬೆಟ್ಟಿನಲ್ಲಿ ಒಂಬತ್ತು ಸ್ಪಿನ್ ಆಡಿ ಚೌಕಟ್ಟು ತುಂಬಿಸಿಕೊಂಡು, ಹತ್ತನೆಯದಕ್ಕೆ ಬೆಟ್ಟನ್ನು ಸಾವಿರಕ್ಕೆ ಏರಿಸುತ್ತಾನೆ. ಅದಕ್ಕೆ ಪ್ರತಿ ಬೆಟ್ಟಿಗೂ ಬೇರೆ ಬೇರೆ ಉಳಿಕೆ. 10 ರೂಪಾಯಿಯದ್ದೊಂದು ಮನೆ, 20ರದ್ದೊಂದು ಮನೆ, 50ರದ್ದೊಂದು. ರಣಹದ್ದುಗಳು ಖಾಲಿ ಮಷೀನಿನ ಮುಂದೆ ನಿಂತು ಬೆಟ್ ಬಟನ್ನನ್ನು ಒಂದೊಂದಾಗಿ ಒತ್ತಿ ನೋಡಿ ಹೋಗುವುದು ಇದಕ್ಕೇ, ಯಾವ ಬೆಟ್ಟಿನಲ್ಲಿ ಯಾರು ಏನು ಬಿಟ್ಟಿದ್ದಾರೆ ಅಂತ ನೋಡಲು.

ಇದೇ ಜಾತಿಯ ಇನ್ನೊಂದು ಇದೆ, ಮಿತಿ ದಾಟುವ ಮುಂಚೆ ಬೀಳಲೇಬೇಕಾದ ಜಾಕ್‌ಪಾಟು. ಪರದೆಯ ಮೇಲೆ ಬರೆದೇ ಇರುತ್ತಾರೆ, 500 ಡಾಲರ್ ಆಗುವ ಮೊದಲು ಇದು ಬಿದ್ದೇ ಬೀಳುತ್ತದೆ ಅಂತ. ಒಳಗೆ ಮಷೀನು ಮೊದಲೇ ಒಂದು ಗುಟ್ಟಿನ ಮೊತ್ತ ಆರಿಸಿಕೊಂಡಿರುತ್ತದೆ. ಜನ ಆಡಿದ ಹಾಗೆ ಜಾಕ್‌ಪಾಟಿನ ಮೊತ್ತ ತೋರಿಸುವ ಮೀಟರು ಏರುತ್ತದೆ, ಆ ಗುಟ್ಟಿನ ಮೊತ್ತ ಮುಟ್ಟಿಸಿದವರಿಗೆ ಜಾಕ್‌ಪಾಟು.

ಇದರ ಲೆಕ್ಕವೂ ನೋಡಿ. ಗುಟ್ಟಿನ ಮೊತ್ತ ಮಿತಿಯೊಳಗೆ ಎಲ್ಲಿ ಬೇಕಾದರೂ ಸಮನಾಗಿ ಇರಬಹುದು ಅಂದುಕೊಳ್ಳಿ. ಹಾಕಿದ ಪ್ರತಿ 100 ಡಾಲರಿನಲ್ಲಿ ಅರ್ಧ ಡಾಲರ್ ಮೀಟರಿಗೆ ಸೇರುತ್ತದೆ. ಜಾಕ್‌ಪಾಟ್ ಬಿಟ್ಟರೆ ಮಷೀನು 100ಕ್ಕೆ 12 ನುಂಗುತ್ತದೆ. ಮೀಟರು 460ರಲ್ಲಿದೆ. ಸರಾಸರಿ ಇನ್ನು 20 ಡಾಲರ್ ಏರಬೇಕು, ಅದಕ್ಕೆ 4,000 ಡಾಲರ್ ಆಟ ಆಗಬೇಕು, ಅದರಲ್ಲಿ 480 ಹೋಗುತ್ತದೆ. ಸಿಗುವ ಜಾಕ್‌ಪಾಟು ಸರಾಸರಿ 480. ಸರಿಸಮ. ಮೀಟರು 490ರಲ್ಲಿದ್ದರೆ? ಇನ್ನು 5 ಡಾಲರ್, ಅಂದರೆ 1,000 ಡಾಲರಿನ ಆಟ, ಹೋಗುವುದು 120, ಬರುವುದು 495. ಇಲ್ಲಿ "ಇನ್ನೇನು ಬೀಳುತ್ತೆ" ಅನ್ನುವುದು ಭ್ರಮೆಯಲ್ಲವೇ ಅಲ್ಲ, ಪಕ್ಕಾ ಲೆಕ್ಕ. ಆದರೆ ಅದೇ ಮೀಟರು 410ರಲ್ಲಿ ಇದ್ದಾಗ ಕೂತವರಿಗೆ? ಸರಾಸರಿ 45 ಡಾಲರ್ ಏರಲು 9,000 ಡಾಲರಿನ ಆಟ, 1,080 ನಷ್ಟ, ಬರುವುದು 455. ಪರದೆಯ ಮೇಲಿನ ಮಾತು ಇಬ್ಬರಿಗೂ ಒಂದೇ, ಬಿದ್ದೇ ಬೀಳುತ್ತದೆ. ಯಾರಿಗೆ ಬೀಳುತ್ತದೆ ಅಂತ ಹೇಳುವುದಿಲ್ಲ. ನೀವು 410ರಿಂದ 490ಕ್ಕೆ ಮೀಟರು ಹತ್ತಿಸಿ ಸುಸ್ತಾಗಿ ಎದ್ದರೆ ಉಳಿದದ್ದು ಮುಂದಿನವರದ್ದು.

ಬ್ರಿಟನ್ನಿನ ಪಬ್ಬುಗಳ ಹಣ್ಣಿನ ಚಿತ್ರದ ಮಷೀನುಗಳದ್ದು ಬೇರೆ ಕಥೆ. ಅವುಗಳಲ್ಲಿ ಬಹಳಷ್ಟಕ್ಕೆ ನೆನಪಿತ್ತು, ಆದರೆ ಅದು ಪರದೆಯ ಮೇಲೆ ಕಾಣುತ್ತಿರಲಿಲ್ಲ. ಹೆಚ್ಚು ಕೊಟ್ಟುಬಿಟ್ಟರೆ ಕೈ ಬಿಗಿ ಮಾಡುವುದು, ಕಡಿಮೆ ಕೊಟ್ಟಿದ್ದರೆ ಸಡಿಲ ಮಾಡುವುದು, ಹೀಗೆ ನಿಗದಿಯಾದ ಶೇಕಡಾವಾರಿಗೆ ತಂದು ನಿಲ್ಲಿಸುವುದು. ಅಲ್ಲಿನ ನಿಯಮ ಇದಕ್ಕೆ ಅವಕಾಶ ಕೊಟ್ಟಿತು, ಆದರೆ ಹಿಂದಿನ ಆಟದ ಪ್ರಭಾವ ಈ ಮಷೀನಿನ ಮೇಲೆ ಇರಬಹುದು ಅಂತ ಮಷೀನಿನ ಮೇಲೆ ಬರೆಯಬೇಕು. ನೆವಾಡಾದಲ್ಲಿ ಇದು ಆಗದ ಮಾತು. ನಾನು ಇಷ್ಟು ಹಣ ಉಳಿಸಿಕೊಂಡೆ, ಇಷ್ಟು ಕೊಟ್ಟೆ ಅಂತ ಎಣಿಸಿಕೊಂಡು ಮಷೀನು ತನ್ನ ಪೇಔಟ್ ಪಟ್ಟಿಯನ್ನು ತಾನೇ ಬದಲಿಸಿಕೊಳ್ಳುವ ಹಾಗಿಲ್ಲ. ಒಂದೇ ಥರ ಕಾಣುವ ಎರಡು ಮಷೀನು, ಎರಡು ದೇಶ. ಲಂಡನ್ನಿನಲ್ಲಿ ಸರಿಯಾಗಿದ್ದ ಅಂದಾಜು ವೇಗಸ್‌ನಲ್ಲಿ ಮೂಢನಂಬಿಕೆ!

ಈಗ ನನ್ನ ಗೆಳೆಯನ ಮಡಕೆಗೆ ಬರುತ್ತೇನೆ.

ಅದು ಇನ್ನೊಂದು ಗುಂಪಿನದು. ಈ ಉದ್ಯಮದಲ್ಲಿ ಇದಕ್ಕೆ ಪರ್ಸೀವ್ಡ್ ಪರ್ಸಿಸ್ಟೆನ್ಸ್ ಅನ್ನುತ್ತಾರೆ, ಅಂದರೆ ಉಳಿಕೆ ಇದೆ ಅಂತ ಅನಿಸುವುದು. ಮಡಕೆ ಉಬ್ಬುತ್ತದೆ, ಹುಂಡಿ ದಪ್ಪಗಾಗುತ್ತದೆ, ಪೆಟ್ಟಿಗೆಯ ಮುಚ್ಚಳ ಅರ್ಧ ತೆರೆಯುತ್ತದೆ. ಬೋನಸ್ ಬೀಳುವ ಸಾಧ್ಯತೆಗೂ ಈ ಚಿತ್ರಕ್ಕೂ ಸಂಬಂಧವಿಲ್ಲ. ನಾಣ್ಯದ ಚಿಹ್ನೆ ಬಿದ್ದಾಗ ಒಳಗೆ ಒಂದು ಚೀಟಿ ಎತ್ತಿದ ಹಾಗೆ ಆಗುತ್ತದೆ, ಬಂತು ಅಥವಾ ಬರಲಿಲ್ಲ. ಬರಲಿಲ್ಲ ಅಂದರೆ ಮಡಕೆಯನ್ನು ಸ್ವಲ್ಪ ದಪ್ಪ ಮಾಡಿ ತೋರಿಸುತ್ತಾರೆ. ಮುಂದಿನ ಚೀಟಿಯಲ್ಲೂ ಅದೇ ಸಾಧ್ಯತೆ. ತೆಳ್ಳಗಿನ ಮಡಕೆಗೂ ತುಂಬು ಮಡಕೆಗೂ ಒಂದೇ.

ಅವನ ಪ್ರಶ್ನೆಗೆ ಉತ್ತರ ಇಲ್ಲಿದೆ. ಇನ್ನೊಂದು ಸಾವಿರ ಹಾಕಿದ್ದರೆ ಒಡೆಯುವ ಸಾಧ್ಯತೆ, ಅವನು ಬಂದು ಕೂತಾಗ ಹಾಕಿದ ಮೊದಲ ಸಾವಿರಕ್ಕೆ ಎಷ್ಟಿತ್ತೋ ಅಷ್ಟೇ. ಮಧ್ಯದಲ್ಲಿ ಹಾಕಿದ್ದೆಲ್ಲ ಅವನನ್ನು ಒಂದು ಗೇಣೂ ಹತ್ತಿರ ತಂದಿರಲಿಲ್ಲ. ಇದನ್ನು ಅವನಿಗೆ ಹೇಳುವಾಗ ನನಗೆ ನಿಜಕ್ಕೂ ಬೇಜಾರಾಯಿತು.

ಇದು ಕಾನೂನು ಮೀರಿದ ಕೆಲಸವಾ ಅಂದರೆ, ಅಲ್ಲ. ಆದರೆ ಹತ್ತಿರದ ಒಂದು ಹಳೆಯ ಪ್ರಕರಣ ನೆನಪಿಸಿಕೊಳ್ಳಬೇಕು. 1980ರ ದಶಕದಲ್ಲಿ ಜಪಾನಿನ ಯೂನಿವರ್ಸಲ್ ಕಂಪನಿಯ ಮಷೀನುಗಳು ನೆವಾಡಾದಲ್ಲಿ ಭಾರೀ ಓಡುತ್ತಿದ್ದವು. ಅವುಗಳಲ್ಲಿ ಸೋಲು ಅಂತ ಸಂಖ್ಯೆಯಿಂದ ತೀರ್ಮಾನವಾದ ಮೇಲೆ, ಆ ಸೋಲನ್ನು ಹೇಗೆ ತೋರಿಸಬೇಕು ಅಂತ ಇನ್ನೊಂದು ಪ್ರೋಗ್ರಾಂ ಆರಿಸುತ್ತಿತ್ತು. ಮೂರು ಏಳು ಒಂದೇ ಗೆರೆಗೆ ಬರಬೇಕಿತ್ತು, ಅಯ್ಯೋ ಒಂದು ಕೂದಲೆಳೆಯಲ್ಲಿ ತಪ್ಪಿತಲ್ಲಾ ಅನ್ನಿಸುವ ಹಾಗೆ. 1989ರಲ್ಲಿ ನೆವಾಡಾ ಗೇಮಿಂಗ್ ಕಮಿಷನ್ ಇದು ಕೂಡದು ಅಂದಿತು. ರೀಲಿನ ಮೇಲೆ ಕಾಣುವುದು ಮೊದಲು ಸಿಕ್ಕ ಸಂಖ್ಯೆಯಿಂದಲೇ ಬರಬೇಕು, ಆಸೆ ಹುಟ್ಟಿಸಲು ಆಮೇಲೆ ಅಲಂಕಾರ ಮಾಡಬಾರದು ಅನ್ನುವ ಅರ್ಥ. ಒಳ್ಳೆಯ ತೀರ್ಮಾನ. ಆದರೆ ಮಡಕೆ ರೀಲಿನ ಮೇಲೆ ಇಲ್ಲ, ರೀಲಿನ ಮೇಲ್ಗಡೆ ಇದೆ. ಅದು ಫಲಿತಾಂಶವಲ್ಲ, ಬರೀ ಅಲಂಕಾರ ಅನ್ನುವ ವಾದ ನಿಲ್ಲುತ್ತದೆ. ನನ್ನ ಪ್ರಕಾರ ಅಕ್ಷರ ಉಳಿದಿದೆ, ಆಶಯ ಹೋಗಿದೆ. ರೀಲು ಆಡಬಾರದ ಸುಳ್ಳನ್ನು ಮಡಕೆ ಆಡುತ್ತಿದೆ.

ಮನುಷ್ಯ ಯಾಕೆ ಇದಕ್ಕೆ ಸಿಕ್ಕಿಬೀಳುತ್ತಾನೆ? ದಡ್ಡತನದಿಂದ ಅಂತ ದಯವಿಟ್ಟು ಅನ್ನಬೇಡಿ. 2006ರಲ್ಲಿ ಜೋಸೆಫ್ ನ್ಯೂನ್ಸ್ ಮತ್ತು ಕ್ಸೇವಿಯರ್ ಡ್ರೇಜ್ ಎಂಬ ಇಬ್ಬರು ಪ್ರಕಟಿಸಿದ ಒಂದು ಪ್ರಯೋಗವಿದೆ. ಕಾರು ತೊಳೆಯುವ ಅಂಗಡಿಯಲ್ಲಿ ಗಿರಾಕಿಗಳಿಗೆ ಮುದ್ರೆ ಒತ್ತುವ ಕಾರ್ಡು ಕೊಟ್ಟರು. ಅರ್ಧ ಜನಕ್ಕೆ ಎಂಟು ಮುದ್ರೆಯ ಕಾರ್ಡು, ಖಾಲಿ. ಉಳಿದವರಿಗೆ ಹತ್ತು ಮುದ್ರೆಯ ಕಾರ್ಡು, ಎರಡು ಮೊದಲೇ ಒತ್ತಿ ಕೊಟ್ಟದ್ದು. ಇಬ್ಬರಿಗೂ ಬೇಕಾದದ್ದು ಎಂಟೇ. ಖಾಲಿ ಕಾರ್ಡಿನವರಲ್ಲಿ ಶೇ 19 ಜನ ಪೂರ್ತಿ ಮಾಡಿದರು, ಎರಡು ಮುದ್ರೆ ಮೊದಲೇ ಇದ್ದವರಲ್ಲಿ ಶೇ 34. ಶುರುವಾಗಿದೆ ಅಂತ ಕಂಡರೆ ಸಾಕು, ಮುಗಿಸಬೇಕು ಅನಿಸುತ್ತದೆ. ಇದೇ ಗುಣದಿಂದ ನಾವು ಓದು ಮುಗಿಸುತ್ತೇವೆ, ಮನೆ ಕಟ್ಟಿ ಮುಗಿಸುತ್ತೇವೆ.

ಬೋರ್‌ವೆಲ್ ಕೊರೆಸಿದವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಕೋಲಾರದ ಕಡೆ ಸಾವಿರ ಅಡಿ ದಾಟಿದರೂ ಬರೀ ಧೂಳು. ಲಾರಿಯವನು ಏನ್ ಸಾರ್ ಮಾಡೋಣ ಅಂತಾನೆ. ಇಷ್ಟು ಹಾಕಿದ್ದೀವಲ್ಲಾ, ಇನ್ನೊಂದು ಐವತ್ತು ಅಡಿ ನೋಡೋಣ ಅಂತ ಬಾಯಿಗೆ ಬಂದೇ ಬಿಡುತ್ತದೆ. ಅಲ್ಲಾದರೂ ಕೊರೆದದ್ದು ಕೊರೆದದ್ದೇ, ಐವತ್ತು ಅಡಿ ಕೆಳಗೆ ಹೋಗಿದ್ದೀರಿ. ಸುಳ್ಳು ಮಡಕೆಯ ಮಷೀನು ಪ್ರತಿ ಸಲವೂ ನಿಮ್ಮನ್ನು ಸದ್ದಿಲ್ಲದೆ ನೆಲದ ಮಟ್ಟಕ್ಕೆ ತಂದು ನಿಲ್ಲಿಸಿ, ಸಾವಿರ ಅಡಿ ಆಯ್ತು ಅಂತ ಬೋರ್ಡು ತೋರಿಸುತ್ತದೆ.

ಇಷ್ಟಾದ ಮೇಲೆ ನಿಜವಾದ ಉಳಿಕೆಯ ಮಷೀನು ಪ್ರಾಮಾಣಿಕ, ಸುಳ್ಳು ಉಳಿಕೆಯದ್ದು ಮೋಸ ಅಂತ ನಿಲ್ಲಿಸಬಹುದು. ನನಗೆ ಅಷ್ಟು ಸುಲಭ ಅನಿಸುವುದಿಲ್ಲ. ನಿಜವಾದ ಉಳಿಕೆ ಜೂಜಿನ ನೆಲದ ಮೇಲಿದ್ದ ಒಂದೇ ಒಂದು ಗಟ್ಟಿ ತಿಳಿವಳಿಕೆಯನ್ನು ಅಲುಗಿಸಿಬಿಟ್ಟಿತು. ಮಷೀನಿಗೆ ನೆನಪಿಲ್ಲ ಅಂತ ಅಪ್ಪ ಮಗನಿಗೆ ಹೇಳಬಹುದಿತ್ತು, ಆಪ್ತಸಲಹೆ ಕೊಡುವವರು ಹೇಳಬಹುದಿತ್ತು, ಬ್ರಿಟನ್ನಿನ ಪಬ್ಬಿನಂಥ ಕಡೆ ಬಿಟ್ಟರೆ ಅದು ಹೆಚ್ಚಾಗಿ ನಿಜವಾಗಿತ್ತು. ಈಗ ಕೆಲವಕ್ಕೆ ನೆನಪಿದೆ, ಕೆಲವು ನೆನಪಿರುವ ಹಾಗೆ ನಟಿಸುತ್ತವೆ, ಉಳಿದವಕ್ಕೆ ಇಲ್ಲ. ನಿಜವಾದ ಮಡಕೆ ಒಡೆಯುವುದನ್ನು ಒಂದು ಸಲ ಕಣ್ಣಾರೆ ಕಂಡವರು ಸುಳ್ಳು ಮಡಕೆಯ ಮುಂದೆ ಕೂತಾಗ ಅವರ ನಂಬಿಕೆಗೆ ಸಾಕ್ಷಿ ಇರುತ್ತದೆ. ಆಸ್ಟ್ರೇಲಿಯಾದಲ್ಲಿ, ಸಿಡ್ನಿ ಮೆಲ್ಬರ್ನ್‌ಗಳಲ್ಲಿರುವ ನಮ್ಮವರು ಪಬ್ಬಿನ ಮೂಲೆಯಲ್ಲಿ ನೋಡುವ ಪೋಕಿ ಅನ್ನುವ ಸ್ಲಾಟ್ ಮಷೀನುಗಳ ಬಗ್ಗೆ ಅಲ್ಲಿನ ಸರ್ಕಾರದ ಸಲಹಾ ಸಂಸ್ಥೆ ಪ್ರೊಡಕ್ಟಿವಿಟಿ ಕಮಿಷನ್ 2010ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಅವುಗಳಿಗೆ ಹೋಗುವ ಹಣದಲ್ಲಿ ಸುಮಾರು ಶೇ 40 ಬರುವುದು ಜೂಜಿನಿಂದ ತೊಂದರೆಗೆ ಸಿಲುಕಿದವರಿಂದ. ಏಳಲಾಗದವರಿಂದ ಅಂತ ಓದಿಕೊಳ್ಳಿ. ಏಳದಿರಲು ಇನ್ನೊಂದು ಕಾರಣ ಕೊಡುವ ಫೀಚರನ್ನು ಸುಮ್ನೆ ಮನರಂಜನೆ ಅಂತ ಒಪ್ಪಿಕೊಳ್ಳುವುದು ನನ್ನಿಂದ ಆಗುವುದಿಲ್ಲ.

ರಣಹದ್ದುಗಳ ಕಾಟ ತಪ್ಪಿಸಲು ಕಂಪನಿಗಳ ಹತ್ತಿರ ಇನ್ನೊಂದು ದಾರಿ ಇದೆ. ಉಳಿಕೆಯನ್ನು ಮಷೀನಿಗೆ ಕಟ್ಟದೆ ಆಟಗಾರನ ಹೆಸರಿಗೇ ಕಟ್ಟುವುದು. ಡಬ್ಲ್ಯೂಎಂಎಸ್ ತನ್ನ ಸ್ಟಾರ್ ಟ್ರೆಕ್ ಸ್ಲಾಟಿನಲ್ಲಿ 2000ದ ದಶಕದ ಕೊನೆಗೇ ಹೀಗೆ ಮಾಡಿತ್ತು. ಲಾಗಿನ್ ಮಾಡಿ ಗಳಿಸಿದ್ದನ್ನು ಉಳಿಸಿಟ್ಟು, ಇನ್ನೊಂದು ದಿನ ಬಂದು ಅಲ್ಲಿಂದಲೇ ಮುಂದುವರಿಸಬಹುದು. ಇದರಲ್ಲಿ ನ್ಯಾಯ ಇದೆ, ನಿಮ್ಮದು ನಿಮಗೇ. ಆದರೆ ಕೊಕ್ಕೆ ಇನ್ನು ಮಷೀನಿನಲ್ಲಿ ಇರುವುದಿಲ್ಲ, ನಿಮ್ಮ ಜೊತೆ ಮನೆಗೆ ಬರುತ್ತದೆ. ನೀವು ಮಲಗಿದ್ದರೂ ಕೌಂಟರ್ ಕಾಯುತ್ತಿರುತ್ತದೆ.

ಫೋನಿನಲ್ಲಿ ಆಡುವ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಗೆನ್‌ಶಿನ್ ಇಂಪ್ಯಾಕ್ಟ್ ಆಟದಲ್ಲಿ ಅಪರೂಪದ ಪಾತ್ರ ಸಿಗುವ ಸಾಧ್ಯತೆ ಒಂದು ಸಲಕ್ಕೆ ಶೇ 0.6. ಆದರೆ 90ನೇ ಸಲಕ್ಕೆ ಐದು ನಕ್ಷತ್ರದ್ದು ಒಂದು ಬಂದೇ ಬರುತ್ತದೆ. ಇದಕ್ಕೆ ಆಟಗಾರರು ಇಟ್ಟ ಹೆಸರು ಪಿಟಿ, ಅಂದರೆ ಕರುಣೆ. ಜಪಾನಿನ ಸೂರಿನ ಹಾಗೇ ಇದೂ. 75ರವರೆಗೆ ಬಂದ ಹುಡುಗನಿಗೆ ಇನ್ನು ಹದಿನೈದೇ ಅನ್ನುವುದು ಸುಳ್ಳಲ್ಲ, ಆ ಹದಿನೈದಕ್ಕೆ ಹಣ ಯಾರು ಕೊಡುತ್ತಾರೆ ಅನ್ನುವುದು ಮನೆಯವರ ಪ್ರಶ್ನೆ.

ನಮ್ಮಲ್ಲಿ ಕಾನೂನು ಎಲ್ಲಿದೆ ಅಂತಲೂ ಹೇಳಿಬಿಡುತ್ತೇನೆ. ಗೋವಾದಲ್ಲಿ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮಷೀನಿಗೆ ದಾರಿ ಮಾಡಿದರು, ಬೋಟುಗಳು ಆಮೇಲೆ ಬಂದವು. ಕರ್ನಾಟಕ 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಈ ಚರ್ಚೆಯೆಲ್ಲ ಹೆಚ್ಚಾಗಿ ಕೌಶಲವಾ ಅದೃಷ್ಟವಾ, ಹಣ ಇದೆಯಾ ಇಲ್ಲವಾ ಅನ್ನುವುದರ ಸುತ್ತಲೇ. ಉಳಿಕೆಯಂಥ ಒಳಗಿನ ವಿನ್ಯಾಸದ ಬಗ್ಗೆ ಮಾತು ಕಡಿಮೆ.

ನೀವು ಗೋವಾಕ್ಕೋ ವೇಗಸ್ಸಿಗೋ ಹೋಗಿ ಮಷೀನಿನ ಮುಂದೆ ನಿಂತರೆ ಒಂದು ಕೆಲಸ ಮಾಡಿ. ಹಣ ಹಾಕುವ ಮೊದಲು ಸಹಾಯದ ಬಟನ್ ಒತ್ತಿ, ನಿಯಮದ ಪುಟಗಳನ್ನು ಓದಿ. ಜಗತ್ತಿನ ಬಹಳಷ್ಟು ಕಡೆ ಮಷೀನು ಪರೀಕ್ಷಿಸುವ ಲ್ಯಾಬುಗಳು ಅನುಸರಿಸುವ ಜಿಎಲ್‌ಐ-11 ಮಾನದಂಡದಲ್ಲಿ ಪರ್ಸಿಸ್ಟೆನ್ಸ್ ಆಟಗಳಿಗೇ ಒಂದು ಭಾಗವಿದೆ. ನಿಜವಾದ ಉಳಿಕೆ ಇದ್ದರೆ ಅದು ಹೇಗೆ ಸೇರುತ್ತದೆ, ಯಾವಾಗ ಸಿಗುತ್ತದೆ ಅಂತ ಆಟಗಾರನಿಗೆ ತಿಳಿಸಬೇಕು. ಎಷ್ಟು ಸೇರಿದರೆ ಏನು ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಡಕೆ ನಿಜ. ಬೋನಸ್ ಯಾವಾಗ ಬೇಕಾದರೂ ಬೀಳಬಹುದು, ಆಕಸ್ಮಿಕ ಅಂತ ಬರೆದು, ಮಡಕೆಯ ಗಾತ್ರದ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ, ಆ ಮಡಕೆ ಚಿತ್ರ. ನನ್ನ ಗೆಳೆಯನ ಮಷೀನಿನಲ್ಲಿ ಹಾಗೇ ಇತ್ತು, ನಾಲ್ಕನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ.

ಕೊನೆಯದಾಗಿ ಈ ಆಟಗಳನ್ನು ಕಟ್ಟುವವರಿಗೆ ಒಂದು ಮಾತು. ಬೆಂಗಳೂರಿನಲ್ಲೂ ಆಟದ ಸಾಫ್ಟ್‌ವೇರ್ ಬರೆಯುವವರು ಬಹಳ ಜನ ಇದ್ದಾರೆ. ಚೀಟಿ ವ್ಯವಹಾರದಲ್ಲಿ ಹತ್ತು ಕಂತು ಕಟ್ಟಿ ನಿಲ್ಲಿಸಿದರೆ ಆ ಹಣ ನಮ್ಮ ಹೆಸರಲ್ಲೇ ಬರೆದಿರುತ್ತದೆ, ತಡವಾಗಿಯೋ ಸ್ವಲ್ಪ ಕಡಿತವಾಗಿಯೋ ಕೇಳುವ ಹಕ್ಕು ಇರುತ್ತದೆ. ಉಳಿಕೆಯ ಮಷೀನಿನಲ್ಲೂ ಇದು ಆಗದ ಕೆಲಸವೇನಲ್ಲ. ಮೇಲಿನ ಹತ್ತು ಸ್ಪಿನ್ನಿನ ಉದಾಹರಣೆಯಲ್ಲಿ ಏಳನೇ ಸ್ಪಿನ್ ಮುಗಿದಾಗ ಆ ಸ್ಥಿತಿಯ ಬೆಲೆ ಎಷ್ಟು ಅಂತ ನಾವು ಕೈಬೆರಳಲ್ಲೇ ಲೆಕ್ಕ ಹಾಕಿದೆವು, 11 ರೂಪಾಯಿ. ಮಷೀನು ಕಟ್ಟಿದವರ ಹತ್ತಿರ ಪ್ರತಿ ಸ್ಥಿತಿಯ ಬೆಲೆಯೂ ಪೈಸೆ ಪೈಸೆಗೆ ಇರುತ್ತದೆ, ಯಾಕೆಂದರೆ ಅದಿಲ್ಲದೆ ಶೇ 90 ಅನ್ನುವ ಅಂಕಿಯನ್ನೇ ಬರೆಯಲು ಬರುವುದಿಲ್ಲ. ಎದ್ದು ಹೋಗುತ್ತೇನೆ ಅಂತ ಒಂದು ಬಟನ್ ಇಟ್ಟು, ಒತ್ತಿದವರಿಗೆ ಆ 11 ರೂಪಾಯಿ ಕೊಟ್ಟು ಮಡಕೆಯನ್ನು ಸೊನ್ನೆ ಮಾಡಿ ಕಳಿಸಬಹುದು. ಕ್ಯಾಸಿನೊದ 10 ರೂಪಾಯಿ ಹಾಗೇ ಇರುತ್ತದೆ, ರಣಹದ್ದುಗಳೂ ಇರುವುದಿಲ್ಲ. ನಾನು ನೋಡಿದ ಒಂದು ಮಷೀನಿನಲ್ಲೂ ಆ ಬಟನ್ ಇರಲಿಲ್ಲ.